ರುಚಿ ನೋಡುವ ವಾದ: ಅಚೌರ್ಯಾಣುವ್ರತಕ್ಕೆ ಒದಗಿದ ಇಂದಿನ ಒಂದು ಶಂಕೆ

ದಶಲಕ್ಷಣ ಪರ್ವದ ದಿನಗಳಲ್ಲಿ ಶ್ರಾವಕರ ಅಡುಗೆಮನೆಗಳಲ್ಲಿ ಒಂದು ಸಣ್ಣ ಸಂಗತಿಯು ನಡೆಯುತ್ತದೆ. ಸಣ್ಣದಾದುದರಿಂದಲೇ ಯಾರೂ ಅದನ್ನು ಗಮನಿಸುವುದಿಲ್ಲ. ಗೃಹಿಣಿಯು ಅಂದು ಉಪವಾಸದಲ್ಲಿರುತ್ತಾಳೆ. ಆದರೂ ಮಕ್ಕಳಿಗಾಗಿ, ವೃದ್ಧರಿಗಾಗಿ ಅವಳೇ ಒಲೆಯ ಮುಂದೆ ನಿಂತು ಅನ್ನ, ಸಾರು, ಪಾಯಸಗಳನ್ನು ಸಿದ್ಧಪಡಿಸುತ್ತಾಳೆ. ಸಾರಿಗೆ ಉಪ್ಪು ಹಿಡಿಯಿತೋ ಇಲ್ಲವೋ, ಪಾಯಸಕ್ಕೆ ಬೆಲ್ಲ ಸಾಕೋ ಬೇಕೋ ಎಂಬುದನ್ನು ಕೈಯಳತೆಯಿಂದಲೂ ಪರಿಮಳದಿಂದಲೂ ಊಹಿಸುತ್ತಾಳೆಯೇ ಹೊರತು ಸೌಟಿನ ಒಂದು ಹನಿಯನ್ನೂ ನಾಲಗೆಗೆ ಸೋಕಿಸುವುದಿಲ್ಲ. ತೀರ ಅನುಮಾನವಾದರೆ ಮೊಮ್ಮಗನನ್ನೋ ಮಗಳನ್ನೋ ಕರೆದು ಅವರ ಅಂಗೈಗೆ ಎರಡು ಹನಿ ಹಾಕಿ ಕೇಳುತ್ತಾಳೆ. 'ನುಂಗಲಿಲ್ಲ, ರುಚಿಯನ್ನಷ್ಟೇ ನೋಡಿದೆ. ಆದುದರಿಂದ ಉಪವಾಸವು ಮುರಿಯಲಿಲ್ಲ' ಎಂಬ ವಾದವು ಆ ಅಡುಗೆಮನೆಯಲ್ಲಿ ನಡೆಯದು. ಹಾಗೆಂದು ಅವಳಿಗೆ ಯಾರೂ ಬೋಧಿಸಬೇಕಾಗಿಯೂ ಇಲ್ಲ.

ಅದೇ ಮನೆಯ ಪಕ್ಕದ ಕೋಣೆಯಲ್ಲಿ ಈಗ ಅದೇ ವಾದವು ಬೇರೊಂದು ವೇಷದಲ್ಲಿ ನಡೆಯುತ್ತಿದೆ. ಇಂತಹ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ಪರ್ವಕ್ಕೆಂದು ಊರಿಗೆ ಬಂದಿದ್ದಾನೆ. ದುಷ್ಟ ಹುಡುಗನಲ್ಲ. ಹಿಂದಿನ ಚಾತುರ್ಮಾಸ್ಯದಲ್ಲಿ ಮುನಿಗಳ ಸನ್ನಿಧಿಯಲ್ಲಿ ಅಚೌರ್ಯಾಣುವ್ರತವನ್ನು ಸ್ವೀಕರಿಸಿದವನು. ಅಷ್ಟಮಿ ಚತುರ್ದಶಿಗಳಲ್ಲಿ ಹಾಸ್ಟೆಲಿನಲ್ಲಿಯೂ ಏಕಾಶನವನ್ನು ಬಿಡದವನು. ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಹಿಂದಿರುಗಿ ಹೋಗಿ ಕೊಟ್ಟು ಬರುವವನು. ಅನಂತನ ನೋಂಪಿಯ ಹಿಂದಿನ ಸಂಜೆ ಅವನು ಕಂಪ್ಯೂಟರಿನ ಮುಂದೆ ಕುಳಿತು ಒಂದು ವಿಡಿಯೋ ಆಟವನ್ನು ಆಡುತ್ತಿರುವಾಗ ಅಜ್ಜಿಯು ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆಯಲ್ಲೋ ಮಗು, ಯಾರು ಕೊಟ್ಟರು?" ಎಂದು ಕೇಳಿದಳು.

"ಯಾರೂ ಕೊಡಲಿಲ್ಲ ಅಜ್ಜಿ. ಇಳಿಸಿಕೊಂಡೆ."

ಈ ಒಂದು ಉತ್ತರದಲ್ಲಿಯೇ ವಿಚಾರವೆಲ್ಲ ಅಡಗಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳವಿನ ಲಕ್ಷಣವನ್ನು ಹೇಳುವಾಗ, ಕಳೆದುಕೊಂಡವನಿಗೆ ಎಷ್ಟು ನಷ್ಟವಾಯಿತು, ವಸ್ತುವಿನ ಬೆಲೆಯೆಷ್ಟು, ತೆಗೆದುಕೊಂಡವನು ಮುಂದೆ ಏನು ಮಾಡುವನು ಎಂಬ ಪ್ರಶ್ನೆಗಳನ್ನೇ ಎತ್ತುವುದಿಲ್ಲ. ಅದತ್ತಾದಾನ, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು, ಇಷ್ಟೇ ಅವರ ಅಳತೆಗೋಲು. ಅಜ್ಜಿಯು ಸೂತ್ರವನ್ನು ಓದಿದವಳಲ್ಲದಿದ್ದರೂ ಅವಳು ಕೇಳಿದ ಪ್ರಶ್ನೆಯು ಸೂತ್ರದ ಪ್ರಶ್ನೆಯೇ ಆಗಿದೆ.

ಮೊಮ್ಮಗನು ತನ್ನ ಪಕ್ಷವನ್ನು ವಿವರಿಸಿದನು. ಅವನ ವಾದವನ್ನು ಅದರ ಪೂರ್ಣಬಲದೊಡನೆಯೇ ಮುಂದಿಡುವುದು ನ್ಯಾಯ. ಒಂದು ದೊಡ್ಡ ಆಟದ ಬೆಲೆ ಇಂದು ನಾಲ್ಕೈದು ಸಾವಿರ ರೂಪಾಯಿಗಳವರೆಗೂ ಹೋಗುತ್ತದೆ. ಸೀರೆಯನ್ನಾದರೆ ಬಿಡಿಸಿ ನೋಡಬಹುದು, ಅಕ್ಕಿಯನ್ನಾದರೆ ಕೈಗೆ ತೆಗೆದುಕೊಂಡು ಪರೀಕ್ಷಿಸಬಹುದು. ಆಟವನ್ನು ಆಡದೆ ಅರಿಯುವ ಬಗೆಯಿಲ್ಲ. ಜಾಹೀರಾತಿನಲ್ಲಿ ತೋರುವುದೊಂದು, ಕೈಗೆ ಬರುವುದೊಂದು. ಆದುದರಿಂದ ಬೀಗ ಮುರಿದ ಪ್ರತಿಯೊಂದನ್ನು ಇಳಿಸಿಕೊಂಡು ಆಡಿ ನೋಡುವುದು, ಹಿಡಿಸಿದರೆ ಹಣ ಕೊಟ್ಟು ಕೊಳ್ಳುವುದು, ಹಿಡಿಸದಿದ್ದರೆ ಅಳಿಸಿಬಿಡುವುದು. ಇದರಲ್ಲಿ ಯಾರ ಪೆಟ್ಟಿಗೆಯಿಂದಲೂ ಏನೂ ಕಡಮೆಯಾಗಲಿಲ್ಲ. ಮೂಲವು ಮೂಲದಲ್ಲಿಯೇ ಇದೆ. ಪ್ರತಿಯೊಂದು ಹೆಚ್ಚಾಯಿತು, ಅಷ್ಟೇ. ಹೀಗೆ ಅವನ ವಾದ.

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಮಾರುವವರ ದೋಷವೂ ನಿಜವಾದುದೇ. 2020ರ ಡಿಸೆಂಬರಿನಲ್ಲಿ 'ಸೈಬರ್‌ಪಂಕ್ 2077' ಎಂಬ ಬಹುನಿರೀಕ್ಷಿತ ಆಟವು ಹೊರಬಂದಾಗ ಹಳೆಯ ಯಂತ್ರಗಳಲ್ಲಿ ಅದು ಎಷ್ಟು ಕೆಟ್ಟು ನಡೆಯಿತೆಂದರೆ, ಸೋನಿ ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ತನ್ನ ಪ್ಲೇಸ್ಟೇಷನ್ ಮಾರಾಟದ ಮಳಿಗೆಯಿಂದ ತೆಗೆದುಹಾಕಿ ಕೊಂಡವರಿಗೆ ಹಣವನ್ನು ಮರಳಿಸಬೇಕಾಯಿತು. 2021ರ ಜೂನ್‌ವರೆಗೂ ಅದು ಅಲ್ಲಿಗೆ ಹಿಂದಿರುಗಲಿಲ್ಲ. ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವುದಕ್ಕೆ ಶಾಸ್ತ್ರದಲ್ಲಿ ಪ್ರತಿರೂಪಕವ್ಯವಹಾರವೆಂದು ಹೆಸರು. ಅದು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿಯೇ ಒಂದು. ಎಂದರೆ, ವ್ರತವು ಕೊಳ್ಳುವವನನ್ನು ಕಟ್ಟಿಹಾಕಿ ಮಾರುವವನನ್ನು ಬಿಟ್ಟುಬಿಡುವಂತಹುದಲ್ಲ. ಆದರೆ ತಕ್ಕಡಿಯಲ್ಲಿ ಮೋಸ ಮಾಡುವ ವರ್ತಕನ ಅಂಗಡಿಯಿಂದ ಹಿಂಬಾಗಿಲಲ್ಲಿ ಒಂದು ಸೇರು ಬೇಳೆಯನ್ನು ತೆಗೆದುಕೊಂಡು ಬಂದವನು ತಕ್ಕಡಿಯನ್ನು ಸರಿಪಡಿಸಿದಂತಾಗಲಿಲ್ಲ.

ಇನ್ನು 'ಯಾರಿಗೂ ಏನೂ ಕಡಮೆಯಾಗಲಿಲ್ಲ' ಎಂಬ ಮಾತು. ಇದು ಇಂದಿನ ಯಂತ್ರಯುಗದಲ್ಲಿ ಹುಟ್ಟಿದ ಹೊಸ ಶಂಕೆಯೆಂದು ತರುಣರು ಭಾವಿಸುತ್ತಾರೆ. ಆದರೆ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರ ಬೇರಿಗೇ ಕೈಹಾಕಿದ್ದಾರೆ. ಸಂಕ್ಲೇಶಪರಿಣಾಮದಿಂದ, ಎಂದರೆ ಕಲುಷಿತವಾದ ಮನಸ್ಸಿನಿಂದ, ಪ್ರವೃತ್ತಿಯು ಎಲ್ಲಿರುವುದೋ ಅಲ್ಲಿ ಹೊರಗಿನ ವಸ್ತುವು ಕೈಸೇರಿದರೂ ಸೇರದಿದ್ದರೂ ಸ್ತೇಯವಾಗುತ್ತದೆಂಬುದು ಅವರ ವಿವರಣೆಯ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇಟ್ಟದ್ದು, ಬಿದ್ದದ್ದು, ಮರೆತದ್ದು ಎಂದು ಮೂರನ್ನೂ ಹೆಸರಿಸಿ, ಕೊಡದಿರುವಾಗ ಇವಾವುದನ್ನೂ ತೆಗೆದುಕೊಳ್ಳಬಾರದೆಂದು ವಿಧಿಸುತ್ತಾರೆ. ಮರೆತವನಿಗೆ ನಷ್ಟದ ಅರಿವೇ ಇಲ್ಲ. ಆದರೂ ಅದು ಅದತ್ತವೇ.

ಹಾಗಾದರೆ ಕೊಡದುದೆಲ್ಲವೂ ಕಳವೇ? ಬೀದಿಯಲ್ಲಿ ನಡೆಯುವ ಮುನಿಗೆ ಆ ಬೀದಿಯನ್ನು ಯಾರು ಕೊಟ್ಟರು? ಊರಿನ ಹೆಬ್ಬಾಗಿಲನ್ನು ಹೊಗುವಾಗ ಅನುಮತಿಯನ್ನು ಯಾರಿಂದ ಪಡೆದರು? ಈ ಪ್ರಶ್ನೆಯನ್ನೂ ಪೂಜ್ಯಪಾದರೇ ಎತ್ತಿಕೊಂಡು ಸಮಾಧಾನವನ್ನು ಹೇಳುತ್ತಾರೆ. ಬೀದಿಯೂ ಹೆಬ್ಬಾಗಿಲೂ ಎಲ್ಲರಿಗಾಗಿ ಬಿಟ್ಟುಕೊಟ್ಟವು. ಆದುದರಿಂದ ಅಲ್ಲಿ ದೋಷವಿಲ್ಲ. ಅದೇ ಮುನಿಯು ಮುಚ್ಚಿದ ಬಾಗಿಲನ್ನು ತೆರೆದುಕೊಂಡು ಒಳಹೊಗುವುದಿಲ್ಲ, ಏಕೆಂದರೆ ಅದನ್ನು ಬಿಟ್ಟುಕೊಟ್ಟಿಲ್ಲ. ಆಟಗಳ ವಿಷಯದಲ್ಲಿ ಶ್ರಾವಕನಿಗೆ ಬೇಕಾದ ವಿವೇಕವೆಲ್ಲವೂ ಈ ತೆರೆದ ಬೀದಿ, ಮುಚ್ಚಿದ ಬಾಗಿಲುಗಳ ಭೇದದಲ್ಲಿಯೇ ದೊರೆಯುತ್ತದೆ.

ಆಟಗಳ ಲೋಕದಲ್ಲಿಯೂ ತೆರೆದ ಬೀದಿಗಳು ಬಹಳ ಇವೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು 'ಡೂಮ್' ಎಂಬ ಆಟವನ್ನು ಹೊರತಂದಾಗ, ಅದರ ಮೂರು ಭಾಗಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಪಡೆದು ಆಡಬಹುದು, ಸ್ನೇಹಿತರಿಗೂ ಪ್ರತಿ ಮಾಡಿ ಕೊಡಬಹುದು ಎಂದು ತಾನಾಗಿಯೇ ಬಿಟ್ಟುಕೊಟ್ಟಿತು. ಹಿಡಿಸಿದವರು ಹಣ ಕಳುಹಿಸಿ ಉಳಿದೆರಡು ಭಾಗಗಳನ್ನು ತರಿಸಿಕೊಂಡರು. ಇದೇ ಶೇರ್‌ವೇರ್ ಪದ್ಧತಿ. ಇಲ್ಲಿಯೂ ಪರೀಕ್ಷಿಸಿದ ಮೇಲೆಯೇ ಕೊಳ್ಳುವುದು. ಆದರೆ ಪರೀಕ್ಷೆಗೆ ಒದಗಿದ್ದು ದತ್ತವಾದುದು. ಇಂದಿಗೂ ಅನೇಕ ಆಟಗಳಿಗೆ ಡೆಮೊ ಎಂಬ ಮಾದರಿಭಾಗವನ್ನು ಕರ್ತೃಗಳೇ ಉಚಿತವಾಗಿ ಇಡುತ್ತಾರೆ. ಸ್ಟೀಮ್ ಎಂಬ ದೊಡ್ಡ ಮಾರಾಟದ ವ್ಯವಸ್ಥೆಯಲ್ಲಿ 2015ರ ಜೂನ್‌ನಿಂದ ಒಂದು ನಿಯಮವಿದೆ: ಕೊಂಡ 14 ದಿನಗಳೊಳಗೆ, ಆಡಿದ ಅವಧಿ 2 ಗಂಟೆಗಿಂತ ಕಡಮೆಯಿದ್ದರೆ, ಕಾರಣವೇನೇ ಇರಲಿ, ಕೇಳಿದವರಿಗೆ ಹಣವು ಹಿಂದಿರುಗುತ್ತದೆ. ಜೀಓಜಿ ಎಂಬ ಮತ್ತೊಂದು ಮಳಿಗೆಯು 2020ರಲ್ಲಿ ಈ ಅವಧಿಯನ್ನು 30 ದಿನಗಳಿಗೆ ವಿಸ್ತರಿಸಿತು. ಬೆಲೆಯು ಅರ್ಧಕ್ಕೂ ಕಾಲಿಗೂ ಇಳಿಯುವ ರಿಯಾಯಿತಿಯ ದಿನಗಳು ವರ್ಷದಲ್ಲಿ ಹಲವು ಬಾರಿ ಬರುತ್ತವೆ.

ಕಿರಾಣಿ ಅಂಗಡಿಯನ್ನು ನಡೆಸಿದ ಮನೆತನಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಲ್ಲ ಕೊಳ್ಳಲು ಬಂದ ಗಿರಾಕಿಗೆ ವರ್ತಕನು ಅಚ್ಚಿನ ಮೂಲೆಯಿಂದ ಒಂದು ಚೂರನ್ನು ಮುರಿದು ಕೈಗಿಡುತ್ತಾನೆ. ಗಿರಾಕಿಯು ಬಾಯಿಗೆ ಹಾಕಿಕೊಂಡು, ಬೇಡವೆಂದು ಹೊರಟುಹೋದರೂ ಯಾರಿಗೂ ಬೇಸರವಿಲ್ಲ. ವರ್ತಕನು ಒಳಗೆ ಹೋದಾಗ ಅದೇ ಗಿರಾಕಿಯು ತಾನೇ ಕೈಚಾಚಿ ಅಷ್ಟೇ ಚೂರನ್ನು ಮುರಿದುಕೊಂಡರೆ? ತೂಕವು ಅಷ್ಟೇ, ರುಚಿಯೂ ಅಷ್ಟೇ. ಆದರೆ ಕೈ ಬೇರೆ.

ಇಲ್ಲಿ ಮೊಮ್ಮಗನು ಮತ್ತೊಂದು ಮಾತನ್ನು ಹೇಳಬಹುದು. ಎರಡು ಗಂಟೆಗಳಲ್ಲಿ ಆಟವು ಏನೂ ತಿಳಿಯದು; ಡೆಮೊದಲ್ಲಿ ಒಳ್ಳೆಯ ಭಾಗವನ್ನಷ್ಟೇ ತೋರಿಸುತ್ತಾರೆ; ಪೂರ್ತಿ ಆಡಿದರೇ ಗೊತ್ತಾಗುವುದು ಎಂದು. ಪೂರ್ತಿ ಆಡಿದ ಮೇಲೆ ಕೊಳ್ಳಲು ಉಳಿಯುವುದೇನು? ರತ್ನಕರಂಡಕದಲ್ಲಿ ಭೋಗ, ಉಪಭೋಗ ಎಂದು ಎರಡನ್ನು ಬೇರ್ಪಡಿಸಿದೆ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ಬಟ್ಟೆಯಂತೆ ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಕಥೆಯನ್ನು ಹೇಳಿ ಹತ್ತು ಹದಿನೈದು ಗಂಟೆಗಳಲ್ಲಿ ಮುಗಿಯುವ ಆಟವು ಬಹುಮಟ್ಟಿಗೆ ಮೊದಲನೆಯ ವರ್ಗಕ್ಕೆ ಸೇರಿದುದು. ಊಟವನ್ನೆಲ್ಲ ಉಂಡು ಎಲೆಯನ್ನು ಮಡಿಸಿದ ಮೇಲೆ 'ಅಷ್ಟು ಚೆನ್ನಾಗಿರಲಿಲ್ಲ, ಆದುದರಿಂದ ಬೆಲೆ ಕೊಡಲಾರೆ' ಎಂದರೆ ಅದು ಪರೀಕ್ಷೆಯ ಹೆಸರಿನಲ್ಲಿ ನಡೆದ ಭೋಜನ. ಇದರಲ್ಲಿ ನ್ಯಾಯಾಧೀಶನೂ ಅವನೇ, ಋಣಿಯೂ ಅವನೇ. 'ಹಿಡಿಸಲಿಲ್ಲ' ಎಂದು ತೀರ್ಪು ಕೊಟ್ಟರೆ ಹಣ ಉಳಿಯುತ್ತದೆ. ಹಣ ಉಳಿಯುವ ಕಡೆಗೇ ಮನಸ್ಸು ತೀರ್ಪನ್ನು ಎಳೆಯುವುದರಲ್ಲಿ ಆಶ್ಚರ್ಯವೇನು? ಲೋಭಕಷಾಯದ ಕೆಲಸವೇ ಅದು. ದಶಲಕ್ಷಣದಲ್ಲಿ ಉತ್ತಮ ಶೌಚಕ್ಕೆ ಒಂದು ಪೂರ್ಣ ದಿನವನ್ನು ಮೀಸಲಿಟ್ಟಿರುವುದು ಅದಕ್ಕಾಗಿಯೇ.

ಆದರೂ ಆಡಿದ ಮೇಲೆ ನಿಜವಾಗಿಯೂ ಹಣ ಕೊಟ್ಟು ಕೊಳ್ಳುವವರು ಇದ್ದಾರೆ. ಅವರನ್ನು ಎಂದೂ ಕೊಳ್ಳದವರೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಲ್ಲದು. ಯುರೋಪಿಯನ್ ಕಮಿಷನ್ ಮಾಡಿಸಿ 2017ರಲ್ಲಿ ಬೆಳಕಿಗೆ ಬಂದ ಒಂದು ಅಧ್ಯಯನವು, ಹೊಸ ಚಲನಚಿತ್ರಗಳ ವಿಷಯದಲ್ಲಿ ಕಳ್ಳಪ್ರತಿಗಳಿಂದ ಮಾರಾಟವು ಕುಗ್ಗುತ್ತದೆಂದೂ, ಆಟಗಳ ವಿಷಯದಲ್ಲಾದರೋ ಮಾರಾಟವು ಹೆಚ್ಚುವಂತೆಯೇ ತೋರುತ್ತದೆಂದೂ ಅಂದಾಜು ಮಾಡಿತು. ತರುಣರು ಇದನ್ನು ಮುಂದಿಟ್ಟರೆ ಹಿರಿಯರು ಸಿಡುಕಬೇಕಾಗಿಲ್ಲ. ಇದು ವ್ಯಾಪಾರದ ಲೆಕ್ಕ, ಸರಿಯೂ ಇರಬಹುದು. ಆದರೆ ವ್ರತವನ್ನು ಕೈಗೊಂಡವನು ಸಂಕಲ್ಪ ಮಾಡಿದ್ದು ಲೋಕದ ಒಟ್ಟು ಮಾರಾಟದ ವಿಷಯವಾಗಿ ಅಲ್ಲ, ತನ್ನ ಎರಡು ಕೈಗಳ ವಿಷಯವಾಗಿ. ಕದ್ದ ಹಣದಿಂದ ನಡೆದ ಅನ್ನದಾನದಲ್ಲಿ ನೂರು ಜನರು ಉಂಡರೆಂದು ಕಳವು ದಾನವಾಗದು.

ಲೆಕ್ಕದ ಮಾತು ಬಂದುದರಿಂದ ಮತ್ತೊಂದು ಲೆಕ್ಕವನ್ನೂ ನೋಡಬಹುದು. 2013ರ ಏಪ್ರಿಲ್‌ನಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಹೆಸರಿನಲ್ಲಿ ಇಬ್ಬರು ಸಹೋದರರು 'ಗೇಮ್ ದೇವ್ ಟೈಕೂನ್' ಎಂಬ ಸಣ್ಣ ಆಟವನ್ನು ಹೊರತಂದರು. ಬೆಲೆ 8 ಡಾಲರಿಗೂ ಒಂದು ಸೆಂಟು ಕಡಮೆ, ಬೀಗವೂ ಇಲ್ಲ. ಆಟದ ವಿಷಯವೇ ಆಟ ತಯಾರಿಸುವ ಸಂಸ್ಥೆಯನ್ನು ನಡೆಸುವುದು. ಕಳ್ಳಪ್ರತಿಯು ಹೇಗೂ ಹರಡುವುದೆಂದು ತಿಳಿದು ಅವರು ಸ್ವಲ್ಪ ಬದಲಿಸಿದ ಒಂದು ಪ್ರತಿಯನ್ನು ತಾವೇ ಕಳ್ಳಪ್ರತಿಗಳ ತಾಣಕ್ಕೆ ಬಿಟ್ಟರು. ಮೊದಲನೆಯ ದಿನದ ಲೆಕ್ಕ: ಹಣ ಕೊಟ್ಟು ಪಡೆದ ಪ್ರತಿಗಳು 214, ಕಳ್ಳಪ್ರತಿಯನ್ನು ಆಡಿದವು 3,104. ಬದಲಿಸಿದ ಪ್ರತಿಯಲ್ಲಿ ಕೆಲವು ಗಂಟೆಗಳ ಕಾಲ ಆಡಿದ ಮೇಲೆ, ಆಟದೊಳಗಿನ ಸಂಸ್ಥೆಯ ಆಟಗಳನ್ನು ಜನರು ಕೊಳ್ಳದೆ ಕದಿಯುತ್ತಿದ್ದಾರೆಂಬ ಸೂಚನೆಯು ಬಂದು, ಕ್ರಮೇಣ ಆ ಸಂಸ್ಥೆಯು ದಿವಾಳಿಯೇಳುತ್ತಿತ್ತು. ಹೀಗೆ ಆಡುತ್ತಿದ್ದವರಲ್ಲಿಯೇ ಕೆಲವರು 'ಎಷ್ಟು ಚೆನ್ನಾಗಿ ಮಾಡಿದರೂ ಎಲ್ಲರೂ ಕದಿಯುತ್ತಾರೆ, ಇದು ಅನ್ಯಾಯ' ಎಂಬರ್ಥದಲ್ಲಿ ದೂರಿಕೊಂಡರು!

ತರ್ಕಪ್ರಿಯರಾದವರು ಇಲ್ಲಿ ಕೇಳಬಹುದು: ಕರ್ತೃಗಳೇ ಬಿಟ್ಟ ಪ್ರತಿಯನ್ನು ತೆಗೆದುಕೊಂಡರೆ ಅದು ದತ್ತವಾಯಿತಲ್ಲವೆ, ಆ 3,104 ಮಂದಿಯಲ್ಲಿ ದೋಷವೆಲ್ಲಿ? ಪೂಜ್ಯಪಾದರ ವಿವರಣೆಯನ್ನು ಇಲ್ಲಿ ನೆನೆಯಬೇಕು. ತೆಗೆದುಕೊಂಡವರು ಅದನ್ನು ದತ್ತವೆಂದು ತಿಳಿದಿರಲಿಲ್ಲ. ಅದತ್ತವೆಂದು ತಿಳಿದೇ ಕೈಚಾಚಿದರು. ವಸ್ತುವಿನ ಕಡೆಯಿಂದ ಕಳವಿಲ್ಲದಿದ್ದರೂ ಪರಿಣಾಮದ ಕಡೆಯಿಂದ ಕಳವು ಸಂಪೂರ್ಣವಾಗಿಯೇ ಇದೆ.

ದೂರದ ದೇಶದ ದೊಡ್ಡ ಸಂಸ್ಥೆಗೆ ಇದರಿಂದೇನು ಎಂಬ ಉಡಾಫೆಯೂ ಉಂಟು. ಆಟಗಳನ್ನು ಮಾಡುವ ಕೈಗಳು ಅಷ್ಟೇನೂ ದೂರದಲ್ಲಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಅನೇಕ ವರ್ಷ ವಿದೇಶಗಳ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ಮಾಡಿಕೊಡುತ್ತಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಶಾಖೆಯಲ್ಲಿ ಸೇರಿಸಿಕೊಂಡಿತು. ಮೊಮ್ಮಗನು ಓದುತ್ತಿರುವ ಊರಿನಲ್ಲಿಯೇ, ಅವನಂತೆಯೇ ಓದಿದವರು, ಆಟದೊಳಗಿನ ಒಂದು ಮರವನ್ನೋ ಗೋಡೆಯನ್ನೋ ವಾರಗಟ್ಟಲೆ ಕುಳಿತು ಮಾಡಿದ್ದಾರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮನುಷ್ಯನ ಧನವನ್ನು ಅವನ ಹೊರಗೆ ಸಂಚರಿಸುವ ಪ್ರಾಣವೆಂದು ಕರೆದು, ಅದನ್ನು ಅಪಹರಿಸುವುದನ್ನು ಹಿಂಸೆಯಲ್ಲಿಯೇ ಸೇರಿಸಿರುವುದರ ಅರ್ಥವು ಆಗ ಹೊಳೆಯುತ್ತದೆ.

ಇಳಿಸಿಕೊಳ್ಳುವ ಕ್ರಮವನ್ನೂ ಹಿರಿಯರು ತಿಳಿದಿರುವುದು ಒಳ್ಳೆಯದು, ಏಕೆಂದರೆ ದೋಷದ ಹೆಚ್ಚಿನ ಭಾಗವು ಅಲ್ಲಿ ಅಡಗಿದೆ. ಕಳ್ಳಪ್ರತಿಗಳು ಸಾಮಾನ್ಯವಾಗಿ ಟೊರೆಂಟ್ ಎಂಬ ವಿಧಾನದಿಂದ ಬರುತ್ತವೆ. ಆಟದ ಕಡತವನ್ನು ನೂರಾರು ತುಣುಕುಗಳಾಗಿ ಮಾಡಿರುತ್ತಾರೆ. ಅವು ಒಂದೇ ಕಡೆಯಿಂದ ಬಾರದೆ ಅದನ್ನು ಪಡೆದಿರುವ, ಪಡೆಯುತ್ತಿರುವ ಎಲ್ಲರ ಯಂತ್ರಗಳಿಂದಲೂ ಬಂದು ಕೂಡಿಕೊಳ್ಳುತ್ತವೆ. ಹೀಗೆ ಪಡೆಯುತ್ತಿರುವಾಗಲೇ ಪಡೆದವನ ಯಂತ್ರವು ತನಗೆ ಬಂದ ತುಣುಕುಗಳನ್ನು ಅಪರಿಚಿತರಾದ ಇತರರಿಗೆ ಹಂಚತೊಡಗುತ್ತದೆ. 'ನಾನೊಬ್ಬನೇ ರುಚಿ ನೋಡಿದೆ' ಎಂಬ ಮಾತು ಇಲ್ಲಿ ನಿಲ್ಲುವುದೇ ಇಲ್ಲ. ಸಮಂತಭದ್ರರು ಅದತ್ತವಾದುದನ್ನು ತಾನು ತೆಗೆದುಕೊಳ್ಳಬಾರದು ಎಂಬುದರ ಜೊತೆಗೆ ಇನ್ನೊಬ್ಬರಿಗೂ ಕೊಡಬಾರದು ಎಂದು ಸೇರಿಸಿದ್ದಾರಷ್ಟೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರೂ ಒಂದೇ ಗುಂಡಿಯನ್ನೊತ್ತುವುದರಲ್ಲಿ ನಡೆದುಹೋಗುತ್ತವೆ. ಬೀಗವನ್ನು ಮುರಿದವನು ಯಾರೋ ಇರಬಹುದು. ಅವನು ತಂದುದನ್ನು ಸ್ವೀಕರಿಸುವುದಕ್ಕೆ ತದಾಹೃತಾದಾನವೆಂಬ ಅತಿಚಾರದ ಹೆಸರು ಸಿದ್ಧವಾಗಿಯೇ ಇದೆ. ರಾಜ್ಯದ ಕಟ್ಟಳೆಯ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸಬಹುದು: ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ವರ್ಗಕ್ಕೆ ಸೇರಿಸಿದೆ, ಕಳ್ಳಪ್ರತಿಯೆಂದು ತಿಳಿದೂ ಅದನ್ನು ಬಳಸುವುದು ಅದರ ಪ್ರಕಾರ ಅಪರಾಧ.

(ಕೊಲ್ಲುವ ಆಟಗಳನ್ನು ಹಣ ಕೊಟ್ಟೇ ಕೊಂಡರೂ ಆಡುವುದು ಯೋಗ್ಯವೇ ಎಂಬುದು ಬೇರೆಯೇ ಪ್ರಶ್ನೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ಅನುಭವಿಸಿದ ಭವಾವಳಿಯನ್ನು ಜನ್ನನ ಕಾವ್ಯದಿಂದ ತಿಳಿದಿರುವ ಕನ್ನಡ ಶ್ರಾವಕರಿಗೆ ಅದರ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ.)

ಅಚೌರ್ಯವ್ರತದ ಭಂಗಕ್ಕೆ ಶಾಸ್ತ್ರದಲ್ಲಿ ಹೇಳುವ ಉದಾಹರಣೆಯು ದರೋಡೆಕಾರನದಲ್ಲ, ತಾಪಸನೊಬ್ಬನದು. ಪ್ರಭಾಚಂದ್ರರು ರತ್ನಕರಂಡಕದ ಟೀಕೆಯಲ್ಲಿ ಆ ಕಥೆಯನ್ನು ಹೇಳುತ್ತಾರೆ. ಕೌಶಾಂಬಿಯಲ್ಲಿ ಒಬ್ಬನು ತಾಪಸವೇಷವನ್ನು ಧರಿಸಿ, ಪರರ ಭೂಮಿಯನ್ನು ಸಹ ಮುಟ್ಟಲಾರೆನೆಂದು ನೆಲುವೊಂದನ್ನು ತೂಗುಹಾಕಿಕೊಂಡು ಅದರಲ್ಲಿಯೇ ಕುಳಿತು ಹಗಲೆಲ್ಲ ತಪಸ್ಸು ಮಾಡುತ್ತಿದ್ದನು. ರಾತ್ರಿಯಾದೊಡನೆ ಇಳಿದು ಊರನ್ನು ದೋಚುತ್ತಿದ್ದನು. ಮೊಮ್ಮಗನು ಅವನಂತೆ ಕಪಟಿಯಲ್ಲ. ಹತ್ತು ರೂಪಾಯಿ ಹೆಚ್ಚು ಚಿಲ್ಲರೆಯನ್ನು ಹಿಂದಿರುಗಿಸುವಾಗ ಅವನು ಪ್ರಾಮಾಣಿಕನಾಗಿಯೇ ಇದ್ದಾನೆ. ಆದರೆ ಹಗಲಿನ ನೆಲುವು ರಾತ್ರಿಯ ಕೈಯನ್ನು ಕಾಣದಂತೆ ಮರೆಮಾಡುವುದು ಮಾತ್ರ ಅವನಲ್ಲಿಯೂ ನಡೆದಿದೆ. ಇಂತಹ ಕಡೆ ಅಮಿತಗತಿ ಆಚಾರ್ಯರು ಸಾಮಾಯಿಕಪಾಠದಲ್ಲಿ ತೋರಿಸಿದ ನಾಲ್ಕು ಮೆಟ್ಟಿಲುಗಳು ಉಪಕಾರಿಯಾಗಿವೆ. ಕೊಳ್ಳದೆಯೇ ಪಡೆಯಬಹುದಲ್ಲವೇ ಎಂದು ಮನಸ್ಸಿನ ಶುದ್ಧಿಯು ಕದಡಿದಾಗ ಅತಿಕ್ರಮ. ಕಳ್ಳಪ್ರತಿಯ ತಾಣವನ್ನು ಹುಡುಕಿ ಬೇಲಿಯನ್ನು ದಾಟಿದಾಗ ವ್ಯತಿಕ್ರಮ. ಇಳಿಸಿಕೊಂಡು ಆಡಿದಾಗ ಅತಿಚಾರ. ಪೂರ್ತಿ ಮುಗಿಸಿ, ಇದು ತಪ್ಪೇ ಅಲ್ಲವೆಂದು ಇತರರಿಗೂ ಸಾಧಿಸತೊಡಗಿದಾಗ ಅನಾಚಾರ. ಮೂರನೆಯ ಮೆಟ್ಟಿಲಿನಿಂದ ಹಿಂದಿರುಗುವುದು ಸುಲಭ. ನಾಲ್ಕನೆಯದರಲ್ಲಿ ಹಿಂದಿರುಗಬೇಕೆಂಬುದೇ ತೋರದು. 'ಪರೀಕ್ಷಿಸಿ ಕೊಳ್ಳುವೆ' ಎಂಬ ಸುಂದರವಾದ ವಾದದ ಅಪಾಯವೂ ಇಲ್ಲಿಯೇ ಇದೆ.

ಇಷ್ಟಾದ ಮೇಲೂ ಒಂದು ಶಂಕೆಯು ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಧರ್ಮವಲ್ಲ. ಓದಿದ ಮೊಮ್ಮಗನು ಅದನ್ನೂ ಕೇಳಿಯೇ ಕೇಳುವನು. ಇಂದು ನಮ್ಮ ಬಸದಿಗಳಲ್ಲಿ ಸ್ವಾಧ್ಯಾಯಕ್ಕೆ ದೊರೆಯುವ ಧವಲಾ ಗ್ರಂಥವು ಹೊರಬಂದ ಬಗೆ ಯಾವುದು? ಷಟ್ಖಂಡಾಗಮದ ಆ ಮಹಾಟೀಕೆಯ ತಾಡವಾಲೆ ಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವನ್ನು ಪ್ರತಿಮಾಡುವ ಕಾರ್ಯವು ಅಲ್ಲಿಯೇ ಆರಂಭವಾಯಿತು. ಪ್ರತಿಯು ಹೊರಗೆ ಹೋಗಕೂಡದೆಂಬುದು ಕಟ್ಟು. ಆದರೆ ಪ್ರತಿಕಾರರಲ್ಲಿ ಒಬ್ಬರು ಪತ್ನಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಸೋಲಾಪುರದಲ್ಲಿ ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಸಹಾರನಪುರದಲ್ಲಿ ಅದು ನೆಲೆಯಾಯಿತು. ಅಲ್ಲಿಂದ ಮತ್ತೊಂದು ಪ್ರತಿಯೂ ಅದೇ ರೀತಿ ಗುಟ್ಟಾಗಿ ಹೊರಬಿದ್ದು ಉತ್ತರದ ಊರುಗಳಲ್ಲಿ ಹರಡಿತು. 1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟವು ಅಚ್ಚಾದದ್ದು ಇಂತಹ ಪ್ರತಿಗಳ ಆಧಾರದಿಂದಲೇ. ಒಟ್ಟು 16 ಸಂಪುಟಗಳು ಬಂದವು. ಆ ಗುಟ್ಟಿನ ಪ್ರತಿಯಿಲ್ಲದಿದ್ದರೆ ಜಿನವಾಣಿಯ ಈ ಭಾಗವು ಅಷ್ಟು ಬೇಗ ಲೋಕಕ್ಕೆ ದೊರೆಯುತ್ತಿರಲಿಲ್ಲ.

ಇದಕ್ಕೆ ಸುಲಭವಾದ ಸಮಾಧಾನವಿಲ್ಲ. ಭೇದಗಳನ್ನು ಹೇಳಬಹುದು. ವೀರಸೇನಾಚಾರ್ಯರು ಟೀಕೆಯನ್ನು ರಚಿಸಿದ್ದು ಮಾರಾಟಕ್ಕಲ್ಲ, ಭವ್ಯಜೀವಿಗಳ ಹಿತಕ್ಕಾಗಿ. ಕರ್ತೃವಿನ ಕಡೆಯಿಂದ ಅದು ಎಂದೋ ದತ್ತವಾದುದು. ಕಾವಲಿನವರು ಅದರ ಒಡೆಯರಲ್ಲ, ರಕ್ಷಕರು. ಆದರೆ ಪ್ರತಿಕಾರನು ಕೊಟ್ಟ ಮಾತನ್ನು ಮುರಿದದ್ದೂ ಅದನ್ನು ಹಣಕ್ಕೆ ಮಾರಿದ್ದೂ ಫಲವು ಒಳ್ಳೆಯದಾಯಿತೆಂದು ಗುಣವಾಗದು. ಸೋಲಾಪುರದಲ್ಲಿ ನಿರಾಕರಿಸಿದವರ ಮನಸ್ಸಿನಲ್ಲಿ ಈ ಅಳುಕೇ ಇದ್ದಿರಬೇಕು. ಸಂಪುಟಗಳು ಬರತೊಡಗಿದ ಮೇಲೆ ಮೂಡಬಿದಿರೆಯವರೇ ಮೂಲದ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಅವಕಾಶವನ್ನು ಕೊಟ್ಟರೆಂಬುದನ್ನೂ ಮರೆಯಬಾರದು. ಮುಚ್ಚಿದ ಬಾಗಿಲು ಒಳಗಿನಿಂದಲೇ ತೆರೆಯಿತು. ಇಂದು ಅಂಗಡಿಯಲ್ಲಿ ದೊರೆಯುವ, ಕೇಳಿದರೆ ಹಣವನ್ನೂ ಮರಳಿಸುವ ಒಂದು ವಿನೋದದ ವಸ್ತುವಿಗೆ ಧವಲೆಯ ಆಪದ್ಧರ್ಮವನ್ನು ಹೊದಿಸುವುದು ಮಾತ್ರ ಅತಿಯಾದೀತು.

ಅನಂತನ ನೋಂಪಿಯು ಮುಗಿದು ಪಾರಣೆಯಾದ ಮೇಲೆ ಮೊಮ್ಮಗನು ಅಜ್ಜಿಯ ಮುಂದೆ ಲೆಕ್ಕಕ್ಕೆ ಕುಳಿತನೆಂದು ಭಾವಿಸೋಣ. ಅವನ ಯಂತ್ರದಲ್ಲಿದ್ದ ಕಳ್ಳಪ್ರತಿಗಳು ಐದು. ಎರಡನ್ನು ಅವನು ಸ್ವಲ್ಪವೇ ಆಡಿ ಬಿಟ್ಟಿದ್ದನು, ಅವನ್ನು ಅಳಿಸಿದನು. ಒಂದು ಹಿಡಿಸಿತ್ತು, ಅದರ ಬೆಲೆಯನ್ನು ಕೊಟ್ಟು ಕೊಂಡನು. ನಾಲ್ಕನೆಯದನ್ನು ಕೊನೆಯವರೆಗೂ ಆಡಿದ್ದನು, ಹಿಡಿಸಿರಲಿಲ್ಲ. "ಇದಕ್ಕೂ ಕೊಡಬೇಕೇ ಅಜ್ಜಿ?" ಎಂದನು. "ಉಂಡೆಯೇನೋ?" ಎಂದಳು ಅಜ್ಜಿ. ಅವನು ಮರುಮಾತಾಡದೆ ಅದನ್ನೂ ಕೊಂಡನು.

ಐದನೆಯದು 20 ವರ್ಷಗಳಿಗೂ ಹಿಂದಿನ ಒಂದು ಹಳೆಯ ಆಟ. ಅದನ್ನು ಮಾಡಿದ ಸಂಸ್ಥೆಯು ಮುಚ್ಚಿಹೋಗಿದೆ. ಯಾವ ಮಳಿಗೆಯಲ್ಲಿಯೂ ಮಾರಾಟಕ್ಕಿಲ್ಲ. ಹಣ ಕೊಡಬೇಕೆಂದರೂ ಪಡೆಯುವವರು ಯಾರೆಂದು ತಿಳಿಯದು. ಇಂತಹವು ವಿರಳವೂ ಅಲ್ಲ: ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು ಹೇಳುತ್ತದೆ. ಇದು ಮುಚ್ಚಿದ ಬಾಗಿಲೋ, ಒಡೆಯನಿಲ್ಲದ ಪಾಳುಮನೆಯೋ? ಬಿದ್ದುದನ್ನೂ ಮರೆತುದನ್ನೂ ಮುಟ್ಟಬಾರದೆನ್ನುವ ಸಮಂತಭದ್ರರ ವಿಧಿಯು ಒಂದು ಕಡೆಗಿದೆ. ಬಿಟ್ಟುಹೋದ ಮನೆಯಲ್ಲಿ ಮುನಿಗಳು ತಂಗಬಹುದೆನ್ನುವ ವಿಮೋಚಿತಾವಾಸದ ಭಾವನೆಯು ಇನ್ನೊಂದು ಕಡೆಗಿದೆ. ಅಜ್ಜಿಯು ಬಹಳ ಹೊತ್ತು ಯೋಚಿಸಿ, "ಇದು ನನಗೆ ತಿಳಿಯದು ಮಗು. ಮುಂದಿನ ಚಾತುರ್ಮಾಸ್ಯದಲ್ಲಿ ಮಹಾರಾಜರನ್ನು ಕೇಳು, ಅಲ್ಲಿಯವರೆಗೆ ಆಡಬೇಡ" ಎಂದಳು. ಅವನು ಆ ಆಟವನ್ನು ಅಳಿಸಲೂ ಇಲ್ಲ, ತೆರೆಯಲೂ ಇಲ್ಲ.